ಟೈಟಲ್ ರೆಡಿ, ಪ್ರಶ್ನೆ ಆಮೇಲೆ ನೋಡೋಣ

ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮಾಡಹೊರಟವರು ನಮ್ಮಲ್ಲಿ ಮೊದಲು ವಿಷಯ ಹುಡುಕುವುದಿಲ್ಲ, ಗೈಡ್ ಹುಡುಕುತ್ತಾರೆ. ಗೈಡ್ ಹುಡುಕುವುದೆಂದರೆ ಖಾಲಿ ಸೀಟು ಹುಡುಕುವುದು. ಯುಜಿಸಿಯ 2022ರ ನಿಯಮದ ಪ್ರಕಾರ ಪ್ರೊಫೆಸರ್ ಒಬ್ಬರು ಒಂದು ಹೊತ್ತಿಗೆ 8 ಜನರನ್ನು, ಅಸೋಸಿಯೇಟ್ ಪ್ರೊಫೆಸರ್ 6 ಜನರನ್ನು, ಅಸಿಸ್ಟೆಂಟ್ ಪ್ರೊಫೆಸರ್ 4 ಜನರನ್ನು ಮಾತ್ರ ಇಟ್ಟುಕೊಳ್ಳಬಹುದು. ಹೀಗಾಗಿ ಕ್ರಿಪ್ಟೋಗ್ರಫಿಯ ಕನಸು ಹೊತ್ತು ಬಂದವರು, ಇಮೇಜ್ ಪ್ರೊಸೆಸಿಂಗ್ ಗೈಡ್ ಹತ್ತಿರ ಒಂದು ಸೀಟು ಉಳಿದಿದೆ ಎಂದು ತಿಳಿದ ದಿನವೇ, ತಮಗೆ ಮೊದಲಿನಿಂದಲೂ ಎಂಆರ್‌ಐ ಚಿತ್ರಗಳೆಂದರೆ ಪಂಚಪ್ರಾಣ ಎಂದು ಅರ್ಜಿ ಬರೆಯುತ್ತಾರೆ. ಬಡ್ತಿಗೆ ಡಾಕ್ಟರೇಟ್ ಬೇಕು, ನ್ಯಾಕ್ ಮೌಲ್ಯಮಾಪನದಲ್ಲಿ ತೋರಿಸಲು ಕಾಲೇಜಿಗೂ ಡಾಕ್ಟರೇಟ್ ಬೇಕು. ಕುತೂಹಲ ಎಂಬ ಕಾಲಂ ಆ ಅರ್ಜಿಯಲ್ಲಿ ಎಲ್ಲಿಯೂ ಇಲ್ಲ.

ಸೀಟು ಸಿಕ್ಕ ಮೇಲೆ ಟೈಟಲ್. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಪದ್ಧತಿಯನ್ನು ಶಾಸ್ತ್ರೋಕ್ತವಾಗಿ ಉಳಿಸಿಕೊಂಡಿರುವುದು ನಮ್ಮ ರಿಸರ್ಚ್ ಸೆಂಟರ್‌ಗಳು ಮಾತ್ರ. ವಿಧಾನ ಸರಳ. ಆರಂಭದಲ್ಲಿ 'ಎ ನಾವೆಲ್' ಇರಬೇಕು. ಹಳೆಯದನ್ನು ಮಾಡುತ್ತೇನೆಂದು ಯಾರೂ ಬರೆಯುವುದಿಲ್ಲವಾದರೂ ಇದನ್ನು ಬರೆಯದಿದ್ದರೆ ಸಮಿತಿಗೆ ಅನುಮಾನ. ನಂತರ 'ಹೈಬ್ರಿಡ್' ಅಥವಾ 'ಆಪ್ಟಿಮೈಸ್ಡ್'. ಅದರ ಬೆನ್ನಿಗೆ 'ಡೀಪ್ ಲರ್ನಿಂಗ್ ಬೇಸ್ಡ್ ಫ್ರೇಮ್‌ವರ್ಕ್ ಫಾರ್'. ಕೊನೆಯಲ್ಲಿ ಒಂದು ಕಾಯಿಲೆಯ ಹೆಸರು. ಮನುಷ್ಯನದಾದರೂ ಸರಿ, ಗಿಡದ್ದಾದರೂ ಸರಿ.

ಇಂಥದ್ದೊಂದು ಮಾತುಕತೆಯನ್ನು ಊಹಿಸಿಕೊಳ್ಳಿ. ಅಭ್ಯರ್ಥಿ ತೀರ್ಥಹಳ್ಳಿ ಕಡೆಯವಳು, ಮನೆಯಲ್ಲಿ ಅಡಿಕೆ ತೋಟ.

"ಸರ್, ಅಡಿಕೆ ಎಲೆಚುಕ್ಕಿ ರೋಗವನ್ನ ಮೊಬೈಲ್ ಫೋಟೋದಲ್ಲಿ ಬೇಗ ಪತ್ತೆ ಹಚ್ಚೋಕಾಗುತ್ತಾ ಅಂತ ನೋಡ್ಬೇಕು ಅಂತಿದೀನಿ."

"ತುಂಬಾ ಒಳ್ಳೇದಮ್ಮ. ಡೇಟಾಸೆಟ್ ಎಲ್ಲಿದೆ?"

"ಇಲ್ಲ ಸರ್. ನಾನೇ ತೋಟ ತೋಟ ತಿರುಗಿ ಮಾಡ್ಕೋಬೇಕು. ಮರ ಎತ್ತರ, ಮಳೆಗಾಲದಲ್ಲಿ ಬೆಳಕೂ ಕಮ್ಮಿ. ಎರಡು ವರ್ಷ ಹಿಡೀಬಹುದು."

"ಎರಡು ವರ್ಷ ಫೋಟೋ ತೆಗೀತಾ ಕೂತ್ರೆ ಪೇಪರ್ ಯಾವಾಗ ಬರೀತೀಯಾ? ಟೊಮ್ಯಾಟೊ ತಗೋ. ರೆಡಿ ಇದೆ, ಸಂಜೆಯೊಳಗೆ ಡೌನ್‌ಲೋಡ್ ಆಗುತ್ತೆ."

"ನಮ್ಮ ಕಡೆ ಟೊಮ್ಯಾಟೊ ಬೆಳೆಯಲ್ಲ ಸರ್."

"ಬೆಳಿ ಅಂತ ಯಾರಮ್ಮ ಹೇಳಿದ್ರು? ಡಿಟೆಕ್ಟ್ ಮಾಡು, ಸಾಕು."

ಗೈಡ್ ಸಾಹೇಬರು ಹೇಳಿದ ಆ ರೆಡಿ ಟೊಮ್ಯಾಟೊದ ಹೆಸರು 'ಪ್ಲಾಂಟ್‌ವಿಲೇಜ್'. ಎಲೆಗಳ 54,306 ಫೋಟೋ, 14 ಬೆಳೆ, 26 ರೋಗ. ಸೇಬು, ಬ್ಲೂಬೆರಿ, ಸ್ಟ್ರಾಬೆರಿ, ಪೀಚ್ ಎಲ್ಲ ಇವೆ. ಅಡಿಕೆ ಇಲ್ಲ, ರಾಗಿ ಇಲ್ಲ, ಭತ್ತವೂ ಇಲ್ಲ. ಎಲೆಯನ್ನು ಗಿಡದಿಂದ ಕಿತ್ತು, ಕಾಗದದ ಮೇಲೆ ಅಂದವಾಗಿ ಮಲಗಿಸಿ ತೆಗೆದ ಫೋಟೋಗಳಿವು. 2016ರಲ್ಲಿ ಇದರ ಮೇಲೆ ಬಂದ ಪ್ರಸಿದ್ಧ ಪ್ರಬಂಧ ಶೇ. 99.35 ನಿಖರತೆ ತೋರಿಸಿತು. ನಮ್ಮವರು ಓದಿದ್ದು ಅಷ್ಟನ್ನೇ. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರ ಕೊಟ್ಟಾಗ ನಿಖರತೆ ಶೇ. 31ರ ಆಸುಪಾಸಿಗೆ ಕುಸಿಯಿತೆಂದು ಆ ಲೇಖಕರು ಅದೇ ಪ್ರಬಂಧದಲ್ಲಿ ಪ್ರಾಮಾಣಿಕವಾಗಿ ಬರೆದಿದ್ದಾರೆ. 2022ರಲ್ಲಿ ಇನ್ನೊಬ್ಬರು ಬಂದು, ಎಲೆಯ ತಂಟೆಗೇ ಹೋಗದೆ, ಹಿನ್ನೆಲೆಯ ಕಾಗದದ ಬರೀ 8 ಪಿಕ್ಸೆಲ್ ನೋಡಿಯೇ ಮಾದರಿಯಿಂದ ಶೇ. 49ರಷ್ಟು ಸರಿಯುತ್ತರ ಹೇಳಿಸಿದರು. ಕಣ್ಣುಮುಚ್ಚಿ ಹೇಳಿದರೆ ಬರಬೇಕಾದದ್ದು ಶೇ. 2.6 ಮಾತ್ರ. ಅಂದರೆ ಯಂತ್ರ ಕಲಿತಿದ್ದರಲ್ಲಿ ಒಳ್ಳೆಯ ಪಾಲು ರೋಗದ ವಿಚಾರವಲ್ಲ, ಫೋಟೋ ತೆಗೆದ ಮೇಜಿನ ವಿಚಾರ. ಇಷ್ಟೆಲ್ಲ ಆದ ಮೇಲೂ ಶೇ. 99.35 ಇದ್ದದ್ದನ್ನು 99.41 ಮಾಡುವ ಪುಣ್ಯಕಾರ್ಯಕ್ಕೆ ಹೊಸ ಹೊಸ ಅಭ್ಯರ್ಥಿಗಳು ಸಾಲುಗಟ್ಟಿದ್ದಾರೆ. ಆ ದಶಾಂಶವನ್ನು ಯಾವ ರೈತನ ಗದ್ದೆಗೆ ಸಿಂಪಡಿಸಬೇಕೆಂದು ಮಾತ್ರ ಕೇಳಬೇಡಿ.

ಗಿಡ ಬೇಡವೆಂದರೆ ಮನುಷ್ಯರ ರೋಗವಿದೆ. ಸಕ್ಕರೆ ಕಾಯಿಲೆ ನಮ್ಮ ಮನೆಮನೆಯಲ್ಲೂ ಇದೆಯಲ್ಲ, ಊರಿನ ಆಸ್ಪತ್ರೆಗೆ ಹೋಗಿ ಕೇಳಬಹುದಲ್ಲ ಎಂದೀರಿ. ಅದಕ್ಕೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಡಾಕ್ಟರ ಸಮಯ ಬೇಕು, ರೋಗಿಗಳ ಸಹಿ ಬೇಕು. ಅಮೆರಿಕದ ಅರಿಜೋನಾದಲ್ಲಿರುವ ಪೀಮಾ ಬುಡಕಟ್ಟಿನ 768 ಹೆಂಗಸರ ದತ್ತಾಂಶಕ್ಕಾದರೆ ಒಂದು ಕ್ಲಿಕ್ ಸಾಕು. 1988ರಿಂದ ಈ ತಾಯಂದಿರು ಲೋಕದ ಸಂಶೋಧಕರಿಗೆಲ್ಲ ಅನ್ನ ಹಾಕುತ್ತಿದ್ದಾರೆ. ಆ ಪಟ್ಟಿಯನ್ನು ತೆರೆದು ನೋಡಿದರೆ 35 ಮಂದಿಯ ರಕ್ತದೊತ್ತಡ ಸೊನ್ನೆ, 11 ಮಂದಿಯ ಬಿಎಂಐ ಸೊನ್ನೆ, 374 ಮಂದಿಯ ಇನ್ಸುಲಿನ್ ಸೊನ್ನೆ. ಅಳತೆ ಸಿಗದ ಕಡೆ ಯಾರೋ ಸೊನ್ನೆ ತುಂಬಿದ್ದಾರೆ, ಅಷ್ಟೆ. ಅದನ್ನು ಗಮನಿಸದ ಅಲ್ಗಾರಿದಂಗಳು ರಕ್ತದೊತ್ತಡವೇ ಇಲ್ಲದ ಆ ಮೂವತ್ತೈದು ಜನರಿಗೂ ಮುಂದೆ ಸಕ್ಕರೆ ಕಾಯಿಲೆ ಬರುತ್ತದೋ ಇಲ್ಲವೋ ಎಂದು ಶ್ರದ್ಧೆಯಿಂದ ಭವಿಷ್ಯ ಹೇಳುತ್ತವೆ. ವೈವಾದಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

'ಹೈಬ್ರಿಡ್' ಎಂದ ಮೇಲೆ ಪ್ರಾಣಿಸಂಗ್ರಹಾಲಯಕ್ಕೊಂದು ಸುತ್ತು ಹೋಗಲೇಬೇಕು. ತೊಂಬತ್ತರ ದಶಕದಲ್ಲಿ ಇರುವೆಗಳ ನಡೆಯನ್ನು ಅನುಕರಿಸುವ ಒಂದು ಅಲ್ಗಾರಿದಂ ಬಂತು. ಅದರಲ್ಲಿ ನಿಜವಾಗಿಯೂ ಒಂದು ವಿಚಾರವಿತ್ತು. ಆಮೇಲೆ ಬಾಗಿಲು ತೆರೆದುಕೊಂಡಿತು. 2009ಕ್ಕೆ ಕೋಗಿಲೆ, 2010ಕ್ಕೆ ಬಾವಲಿ, 2014ಕ್ಕೆ ಬೂದು ತೋಳ, 2016ಕ್ಕೆ ತಿಮಿಂಗಿಲ. 2015ರಲ್ಲೇ ಬೆಲ್ಜಿಯಂನ ಕೆನೆತ್ ಸೊರೆನ್ಸೆನ್ ಎಂಬ ವಿದ್ವಾಂಸರು, ಪ್ರಾಣಿಯ ಹೆಸರಿನ ಮರೆಯಲ್ಲಿ ಹಳೆಯ ಸರಕೇ ಹೊಸದಾಗಿ ಮಾರಾಟವಾಗುತ್ತಿದೆ ಎಂದು ಖಾರವಾಗಿ ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಅಭ್ಯರ್ಥಿ ತೋಳ ಮತ್ತು ತಿಮಿಂಗಿಲವನ್ನು ಕೂಡಿಸಿ, ಆ ಜೋಡಿಯನ್ನು ಪೀಮಾ ಹೆಂಗಸರ ಮೇಲೆ ಬಿಟ್ಟರೆ ಒಂದು ಅಧ್ಯಾಯ ಮುಗಿದಂತೆ. ಅರಿಜೋನಾದ ಮರುಭೂಮಿಗೆ ತಿಮಿಂಗಿಲ ಹೇಗೆ ಬಂತೆಂದು ಪರೀಕ್ಷಕರು ಕೇಳುವುದಿಲ್ಲ. ಅವರ ಕೈಕೆಳಗಿನ ಅಭ್ಯರ್ಥಿಯೂ ಬಾವಲಿ ಸಾಕುತ್ತಿರುತ್ತಾನೆ.

ಇನ್ನು ಕಾಲಧರ್ಮ. ಒಂದು ಕಾಲಕ್ಕೆ ಎಲ್ಲರೂ ವೈರ್‌ಲೆಸ್ ಸೆನ್ಸರ್ ನೆಟ್‌ವರ್ಕ್ ಮಾಡಿದರು. 2000ದಲ್ಲಿ ಬಂದ 'ಲೀಚ್' ಎಂಬ ಪ್ರೋಟೋಕಾಲ್‌ಗೆ ಹುಟ್ಟಿದ ಮಕ್ಕಳು ಮರಿಗಳ ಲೆಕ್ಕವಿಟ್ಟವರಿಲ್ಲ. ಸೆನ್ಸರ್‌ನ ಬ್ಯಾಟರಿ ಉಳಿಸಿ ಡಾಕ್ಟರ್ ಆದವರಲ್ಲಿ ಹಲವರು ಸೆನ್ಸರನ್ನು ಕೈಯಲ್ಲಿ ಹಿಡಿದೇ ಇಲ್ಲ. ಬ್ಯಾಟರಿ ಉಳಿದದ್ದು ಎನ್‌ಎಸ್-2 ಸಿಮ್ಯುಲೇಟರ್‌ನೊಳಗೆ. ಆಮೇಲೆ ಕ್ಲೌಡ್, ಬಿಗ್ ಡೇಟಾ, ಬ್ಲಾಕ್‌ಚೈನ್. ಪಿಎಚ್‌ಡಿಗೆ ಯುಜಿಸಿ ಕೊಡುವುದು ಕನಿಷ್ಠ 3, ಗರಿಷ್ಠ 6 ವರ್ಷ. ಈ ಶಾಸ್ತ್ರದ ಫ್ಯಾಷನ್ನಿಗೆ ಅಷ್ಟು ಆಯಸ್ಸಿಲ್ಲ. ಎಲ್‌ಎಸ್‌ಟಿಎಂ ಎಂಬ ನ್ಯೂರಲ್ ನೆಟ್‌ವರ್ಕ್ ಹಿಡಿದು ನೋಂದಾಯಿಸಿಕೊಂಡವರ ಕಾಲಡಿಯ ನೆಲವನ್ನು 2017ರ ಟ್ರಾನ್ಸ್‌ಫಾರ್ಮರ್ ಪ್ರಬಂಧ ಎಳೆಯಿತು. ಚಾಟ್‌ಬಾಟ್ ಮೇಲೆ ಅರ್ಧ ಥೀಸಿಸ್ ಬರೆದಿದ್ದವರಿಗೆ 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದು ನಮಸ್ಕಾರ ಹೇಳಿತು. ಟೈಟಲ್ ಬದಲಿಸಲು ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು, ಮತ್ತೆ ಸಮಿತಿಯ ಮುಂದೆ ನಿಲ್ಲಬೇಕು. ಅದಕ್ಕಿಂತ ಲೋಕವೇ ಬದಲಾಗಿಲ್ಲವೆಂದು ಭಾವಿಸಿ ಮುಂದುವರಿಯುವುದು ಸುಲಭ.

ಪಾಪ, ಗೈಡ್‌ಗಳನ್ನಷ್ಟೇ ಬೈದು ಪ್ರಯೋಜನವಿಲ್ಲ. ಥೀಸಿಸ್ ಸಲ್ಲಿಸುವ ಮುನ್ನ ಪೇಪರ್ ಪ್ರಕಟಿಸಲೇಬೇಕೆಂಬ ಷರತ್ತನ್ನು ಯುಜಿಸಿ 2022ರಲ್ಲಿ ಕೈಬಿಟ್ಟರೂ, ಅದನ್ನು ಅಪ್ಪಿ ಹಿಡಿದುಕೊಂಡ ವಿಶ್ವವಿದ್ಯಾಲಯಗಳಿವೆ. ಪೇಪರ್ ಆಗಬೇಕಾದರೆ ಫಲಿತಾಂಶ ಮೇಲಕ್ಕೆ ಹೋಗಬೇಕು. "ನಾವು ಪ್ರಯತ್ನಿಸಿದೆವು, ಇದು ಕೆಲಸ ಮಾಡುವುದಿಲ್ಲ" ಎಂದು ಬರೆದರೆ ಅಚ್ಚು ಹಾಕುವವರು ಕಮ್ಮಿ. ಹೀಗಾಗಿ ಸೋಲಲು ಸಾಧ್ಯವೇ ಇಲ್ಲದ ಪ್ರಶ್ನೆಯನ್ನೇ ಎಲ್ಲರೂ ಹುಡುಕುತ್ತಾರೆ. ಸೋಲಲಾಗದ ಪ್ರಶ್ನೆಗೆ ಉತ್ತರ ಮೊದಲೇ ಗೊತ್ತಿರುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಬಾರದು.

ಹಾಗಂತ ನಮ್ಮಲ್ಲಿ ಪ್ರಶ್ನೆಗಳಿಗೆ ಬರವಿದೆಯೇ? ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿ. 'ಭೂಮಿ' ಯೋಜನೆಯಲ್ಲಿ ಕರ್ನಾಟಕ 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ ದೇಶಕ್ಕೇ ಮಾದರಿಯಾಯಿತು. ಪಹಣಿಯಲ್ಲಿ 'ಸಿದ್ದಪ್ಪ ಬಿನ್ ಕರಿಯಪ್ಪ', ಆಧಾರ್‌ನಲ್ಲಿ 'ಸಿದ್ಧಪ್ಪ ಕೆ', ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ 'ಸಿಡ್ಡಪ್ಪ'. ಮೂವರೂ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಹೆಸರು ತಾಳೆಯಾಗದೆ ಬೆಳೆ ಪರಿಹಾರದ ಹಣ ನಿಂತುಹೋಗುತ್ತದೆ. ಕನ್ನಡದ ಹೆಸರುಗಳನ್ನು ಯಂತ್ರ ತಾಳೆ ನೋಡಬೇಕಾದದ್ದು ಹೇಗೆ, ಎಲ್ಲಿ ಅದು ಇಬ್ಬರನ್ನು ಒಬ್ಬನೆಂದುಕೊಂಡು ಎಡವುತ್ತದೆ, ಹಾಗೆ ಎಡವಿದರೆ ಯಾರ ಜಮೀನು ಯಾರ ಪಾಲಾಗುತ್ತದೆ? ಮೂರು ಥೀಸಿಸ್‌ಗಾಗುವಷ್ಟು ಕೆಲಸವಿದೆ. ಒಂದೇ ತೊಂದರೆ, ಇದರಲ್ಲಿ ತಿಮಿಂಗಿಲ ಇಲ್ಲ.

ಸ್ವಂತ ಡೇಟಾ ಮಾಡುವುದು ಆಗದ ಮಾತೂ ಅಲ್ಲ. 2019ರಲ್ಲಿ ವಿನಯ್ ಉದಯ್ ಪ್ರಭು ಅವರು ಬೆಂಗಳೂರಿನ 65 ಸ್ವಯಂಸೇವಕರಿಂದ ಕನ್ನಡ ಅಂಕಿಗಳನ್ನು ಬರೆಯಿಸಿ 'ಕನ್ನಡ-ಎಂನಿಸ್ಟ್' ಸಿದ್ಧಪಡಿಸಿದರು. ಬರೆಯುವವರು ಅರವತ್ತೈದು ಜನ, ಒಂದಷ್ಟು ಕಾಗದ, ಸ್ಕ್ಯಾನರ್, ಜೊತೆಗೆ ತಾಳ್ಮೆ. ಅದರಿಂದ ನಮ್ಮವರು ಕಲಿತ ಪಾಠವೇನೆಂದರೆ, ಇಳಿಸಿಕೊಳ್ಳಲು ಇನ್ನೊಂದು ರೆಡಿ ಡೇಟಾಸೆಟ್ ಸಿಕ್ಕಿತು ಎಂಬುದು.

ಈ ವರ್ಷ ನೋಂದಾಯಿಸಿಕೊಳ್ಳುವವರಿಗೆ ಒಂದೇ ವಿನಂತಿ. ಟೈಟಲ್ ಬರೆಯುವ ಮುನ್ನ, ನಿಮ್ಮ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಯಾರಿಗೆ ನಷ್ಟ ಎಂದು ಕೇಳಿಕೊಳ್ಳಿ. ಒಬ್ಬ ರೈತ, ಒಬ್ಬ ನರ್ಸ್, ಒಬ್ಬ ಗ್ರಾಮ ಆಡಳಿತ ಅಧಿಕಾರಿ, ಯಾರಾದರೂ ಒಬ್ಬರ ಹೆಸರು ಬಾಯಿಗೆ ಬಂದರೆ ವಿಷಯ ಸಿಕ್ಕಿದೆ ಎಂದುಕೊಳ್ಳಿ, ಗೈಡ್ ಜೊತೆ ಜಗಳವಾಡಿಯಾದರೂ ಅದನ್ನು ಉಳಿಸಿಕೊಳ್ಳಿ. ನಿಮ್ಮ ಬಡ್ತಿ ಬಿಟ್ಟು ಇನ್ನಾವ ನಷ್ಟವೂ ನೆನಪಿಗೆ ಬಾರದಿದ್ದರೆ, ದಯವಿಟ್ಟು ಪೀಮಾದ ಆ ಹೆಂಗಸರನ್ನಾದರೂ ಬಿಟ್ಟುಬಿಡಿ. ನಾಲ್ಕು ದಶಕ ಸಮೀಪಿಸುತ್ತಿದೆ, ಅವರು ದುಡಿದದ್ದು ಸಾಕು.