ಒಂದು ಮಿಲಿಸೆಕೆಂಡಿನ ಮಹಿಮೆ

ಗೇಮಿಂಗ್ ಮಾನಿಟರ್ ಕೊಳ್ಳಲು ಹೊರಟವರು ಮೊದಲು ಕಣ್ಣನ್ನು ನಂಬುವುದು ಬಿಡಬೇಕು. ಕಣ್ಣಿಗೆ ಕಾಣುವುದು ಬರೀ ಚಿತ್ರ. ನಂಬಬೇಕಾದ್ದು ಪೆಟ್ಟಿಗೆಯ ಮೇಲಿನ ಅಂಕಿಯನ್ನು. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ ನೋಡಿ, ಅಲ್ಲಿನ ಕುಲದೇವರು '1 ಎಂಎಸ್'. ಪಿಕ್ಸೆಲ್ಲು ಸೆಕೆಂಡಿನ ಸಾವಿರದಲ್ಲೊಂದು ಪಾಲಿನೊಳಗೆ ಬಣ್ಣ ಬದಲಿಸುತ್ತದಂತೆ. ಶತ್ರು ಕಂಡಮೇಲೆ ಬೆರಳು ಮೌಸ್ ಒತ್ತಲು ಚುರುಕು ಹುಡುಗನಿಗೂ ಸುಮಾರು 200 ಮಿಲಿಸೆಕೆಂಡ್ ಬೇಕು. ಈ ಕ್ಷುಲ್ಲಕ ಸಂಗತಿಯನ್ನು ಯಾರೂ ಎತ್ತುವುದಿಲ್ಲ. ಬೆರಳನ್ನು ಅಪ್‌ಗ್ರೇಡ್ ಮಾಡಿ ಮಾರುವ ಅಂಗಡಿ ಇನ್ನೂ ತೆರೆದಿಲ್ಲವಲ್ಲ.

ಹಾಗೆಂದು ಆ ಒಂದು ಸುಳ್ಳಲ್ಲ. ಬೂದುಬಣ್ಣದ ಒಂದು ಛಾಯೆಯಿಂದ ಇನ್ನೊಂದಕ್ಕೆ ಹೋಗುವ ಕಾಲವನ್ನು ಅಳೆಯುವಾಗ ಮೊದಲ ಶೇ 10, ಕೊನೆಯ ಶೇ 10 ಬಿಟ್ಟುಬಿಡುವುದು ರೂಢಿ. ಹೊರಡುವ ಪಾಡನ್ನೂ ತಲುಪುವ ಪಾಡನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಸಿಲ್ಕ್ ಬೋರ್ಡಿನಿಂದ ಹೆಬ್ಬಾಳವೂ ಹತ್ತಿರವೇ! ಅಷ್ಟಾದರೂ ಒಂದು ಬರಲು ಹೆಚ್ಚಾಗಿ ಪಿಕ್ಸೆಲ್ಲನ್ನು ದಬ್ಬಿ ಓಡಿಸುವ ಓವರ್‌ಡ್ರೈವನ್ನು ತುತ್ತತುದಿಗೆ ಏರಿಸಬೇಕು. ಆಗ ಪಿಕ್ಸೆಲ್ಲು ಓಡಿದ ರಭಸಕ್ಕೆ ಗುರಿ ದಾಟಿಹೋಗಿ, ಆಟದ ಪ್ರತಿ ಸೈನಿಕನ ಬೆನ್ನಿಗೂ ಒಂದು ಬೆಳ್ಳಗಿನ ದೆವ್ವ ಅಂಟಿಕೊಳ್ಳುತ್ತದೆ. ವೇಗಕ್ಕೆ ಕಾಸು ಕೊಟ್ಟಿರಿ, ದೆವ್ವ ಉಚಿತ.

ಇನ್ನು ಕೆಲವು ಪೆಟ್ಟಿಗೆಗಳಲ್ಲಿ ಒಂದರ ಪಕ್ಕ ಇರುವೆಗಾತ್ರದಲ್ಲಿ 'ಎಂಪಿಆರ್‌ಟಿ' ಎಂದಿರುತ್ತದೆ. ಅದು ಬೇರೆಯದೇ ಅಳತೆ. ಅಲ್ಲಿ ಒಂದು ಬರುವುದು ಬ್ಯಾಕ್‌ಲೈಟನ್ನು ಆರಿಸಿ ಹೊತ್ತಿಸಿ, ಆರಿಸಿ ಹೊತ್ತಿಸಿ, ಚಿತ್ರದ ಮಸುಕನ್ನು ಕಡಿಮೆ ಮಾಡುವ ಉಪಾಯದಿಂದ. ಇದನ್ನು ಚಾಲೂ ಮಾಡಿದರೆ ಪರದೆ ಮಂಕಾಗುತ್ತದೆ. ಬಹುತೇಕ ಮಾನಿಟರುಗಳಲ್ಲಿ ಪರದೆಯ ಲಯವನ್ನು ಗ್ರಾಫಿಕ್ಸ್ ಕಾರ್ಡಿನ ಲಯಕ್ಕೆ ಹೊಂದಿಸುವ ಫ್ರೀಸಿಂಕ್, ಜಿ-ಸಿಂಕ್ ಕೂಡ ಬಂದ್ ಆಗುತ್ತವೆ. ಎರಡು ಸೌಲಭ್ಯಕ್ಕೂ ಹಣ ತೆತ್ತವರು ವಾರಕ್ಕೊಂದರಂತೆ ಸರದಿಯಲ್ಲಿ ಅನುಭವಿಸಬಹುದು.

ಕಾಂಟ್ರಾಸ್ಟ್ ಕಥೆ ಇನ್ನೂ ರೋಚಕ. ಎಲ್‌ಸಿಡಿ ಪರದೆಗಳಲ್ಲಿ ಐಪಿಎಸ್ ಎಂಬ ಬಗೆಯ ಪ್ಯಾನೆಲ್ಲಿನದು ಸಾಮಾನ್ಯವಾಗಿ 1000:1ರ ಆಸುಪಾಸು, ವಿಎ ಎಂಬ ಬಗೆಯದು 3000:1ರ ಆಸುಪಾಸು. ಪೆಟ್ಟಿಗೆಯ ಮೇಲೆ ಮಾತ್ರ ಹತ್ತು ಲಕ್ಷಕ್ಕೊಂದು, ಕೆಲವೊಮ್ಮೆ ಕೋಟಿಗೊಂದು. ದೀಪ ಪೂರ್ತಿ ಉರಿದಾಗಿನ ಬಿಳುಪನ್ನು, ದೀಪ ಹೆಚ್ಚುಕಡಿಮೆ ಆರಿದಾಗಿನ ಕಪ್ಪಿನಿಂದ ಭಾಗಿಸಿದರೆ ಯಾವ ಕೋಟಿಯಾದರೂ ಸಿಗುತ್ತದೆ. ಆ ಬಿಳುಪೂ ಆ ಕಪ್ಪೂ ಒಟ್ಟಿಗೆ ಕಾಣಬೇಕೆಂಬ ಆಸೆ ಗ್ರಾಹಕನ ದುರಾಸೆ ಅಷ್ಟೆ.

ಸ್ಟಿಕರುಗಳನ್ನಾದರೂ ನಂಬೋಣವೆ? ಬೆಳಕು-ಕತ್ತಲೆಗಳ ಅಂತರವನ್ನು ಹಿಗ್ಗಿಸಿ ತೋರುವ ಎಚ್‌ಡಿಆರ್‌ಗೆಂದು ವೆಸಾ ಸಂಸ್ಥೆ 2017ರಲ್ಲಿ ಡಿಸ್‌ಪ್ಲೇಎಚ್‌ಡಿಆರ್ ಎಂಬ ದರ್ಜೆಗಳನ್ನು ತಂದಿತು. ಕೆಳದರ್ಜೆಯಾದ 400ಕ್ಕೆ, ಪರದೆಯ ಒಂದು ಕಡೆ ಮಾತ್ರ ದೀಪ ತಗ್ಗಿಸುವ ಲೋಕಲ್ ಡಿಮ್ಮಿಂಗ್ ಬೇಕೇಬೇಕೆಂದಿಲ್ಲ. ಎಲ್‌ಸಿಡಿಯಲ್ಲಿ ಅದಿಲ್ಲದ ಎಚ್‌ಡಿಆರ್ ಎಂದರೆ ಬ್ರೈಟ್‌ನೆಸ್ ಏರಿಸಿದ ಹಳೆಯ ಚಿತ್ರ. ಎಚ್‌ಡಿಎಂಐ 2.1 ಎಂಬ ಕೇಬಲ್ ಸಂಪರ್ಕದ್ದು ಇದಕ್ಕಿಂತ ಉದಾರ ಮನಸ್ಸು. ಹಳೆಯ 2.0 ಎಂಬುದೇ ಇನ್ನಿಲ್ಲ, 2.1ರ ಹೊಸ ಸೌಲಭ್ಯಗಳೆಲ್ಲ ಐಚ್ಛಿಕ ಎಂಬುದು 2021ರಲ್ಲಿ ಬಯಲಾಯಿತು. ಸೌಲಭ್ಯ ಇರಬಹುದು, ಇಲ್ಲದಿರಬಹುದು. ಸ್ಟಿಕರ್ ಮಾತ್ರ ಖಾತ್ರಿ.

ಇಷ್ಟರ ನಡುವೆ ತೂಕವಿರುವ ಒಂದು ಅಂಕಿ ಇದೆ: ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆಂಬ ರಿಫ್ರೆಶ್ ರೇಟ್. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್, 144ರಲ್ಲಿ 6.9. ಉಳಿತಾಯ ಹತ್ತಿರ ಹತ್ತಿರ 10. ಈ ವ್ಯತ್ಯಾಸ ಬಹುತೇಕರಿಗೆ ಗೊತ್ತಾಗುತ್ತದೆ. 240ರಿಂದ 360ಕ್ಕೆ ಹಾರಿದರೆ ಉಳಿಯುವುದು 1.4. ಲಾಭ ಇಳಿಯುತ್ತ ಹೋದಂತೆ ಬೆಲೆ ಏರುತ್ತ ಹೋಗುವುದು ಈ ವ್ಯಾಪಾರದ ಚೆಲುವು. ಅಷ್ಟು ಫ್ರೇಮುಗಳನ್ನು ಗ್ರಾಫಿಕ್ಸ್ ಕಾರ್ಡ್ ಹೆರಬೇಕು ಎಂಬ ಷರತ್ತು ಬೇರೆ. 4ಕೆ ಪರದೆಯಾದರೆ ಫುಲ್ ಎಚ್‌ಡಿಯ ನಾಲ್ಕರಷ್ಟು ಪಿಕ್ಸೆಲ್ಲುಗಳ ಬಾಣಂತನ.

ಕೊನೆಗೂ 240 ಹರ್ಟ್ಸ್ ಮಾನಿಟರ್ ಮನೆಗೆ ಬರುತ್ತದೆ. ವಿಂಡೋಸ್ ಎಷ್ಟೋ ಸಲ ಅದನ್ನು ಸದ್ದಿಲ್ಲದೆ 60ರಲ್ಲೇ ಇಟ್ಟಿರುತ್ತದೆ. ಸೆಟ್ಟಿಂಗ್ಸ್ ತೆರೆದು ನಾವೇ ಬದಲಿಸಬೇಕು. ಅದು ತಿಳಿಯದ ಯಜಮಾನ ಗೆಳೆಯರನ್ನು ಕರೆದು, 'ನೋಡ್ರೋ, ಬೆಣ್ಣೆ ಇದ್ದಂಗಿದೆ!' ಎನ್ನುತ್ತಾನೆ. ಅವರೂ ಹೌದೌದು ಎಂದು ತಲೆಯಾಡಿಸುತ್ತಾರೆ. ಬಿಲ್ಲಿನ ಮೊತ್ತ ಕೇಳಿದ ಮೇಲೆ ಇಲ್ಲ ಎನ್ನಲು ಯಾರಿಗೆ ತಾನೇ ಮನಸ್ಸು ಬಂದೀತು?