ನೀವು ಯಾರ ಪೈಕಿ ಸಾರ್?

ಹೊಸ ಊರಿಗೆ ಬಂದು, ಯಾರದೋ ಮನೆಯಲ್ಲಿ ಬಿಡಾರ ಹೂಡಿ, ಊರಿನ ಪರವಾಗಿ ಕಣಕ್ಕಿಳಿಯುವ ಭಾಗ್ಯ ಪಡೆದವನು ನಮ್ಮ ಜಿಲ್ಲೆಯಲ್ಲಿ ಇದುವರೆಗೆ ಒಬ್ಬನೇ. ಭೀಮಸೇನ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಹಿಂದಿನ ಏಕಚಕ್ರಪುರ ಎಂಬುದು ಇಲ್ಲಿನವರ ನಂಬಿಕೆ. ಒಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ, ಇದು ಬಕಾಸುರನ ಎಂಟ್ರಿ ಫೀ. ಮನೆಯವರ ಸರದಿ ಬಂದಾಗ ಕುಂತಿ ತನ್ನ ಮಗನ ಹೆಸರು ಕೊಟ್ಟಳು. ಯಾವೂರು, ಯಾರ ಮಗ ಅಂತ ಯಾರೂ ಕೇಳಲಿಲ್ಲ. ಆ ಪಂದ್ಯಕ್ಕೆ ಲೋಕಲ್ ಹುಡುಗರು ಒಬ್ಬರೂ ಹೆಸರು ಕೊಟ್ಟಿರಲಿಲ್ಲ ನೋಡಿ.

ನನಗೆ ಆ ಪುಣ್ಯವಿಲ್ಲ. ವರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಬಂದಾಗ ನನ್ನ ಹತ್ತಿರ ಇದ್ದದ್ದು ಎರಡು ಸೂಟ್‌ಕೇಸು, ಒಂದು ಗ್ಯಾಸ್ ಸ್ಟೌವು, ನಲವತ್ತೊಂದು ವರ್ಷ ವಯಸ್ಸು ಮತ್ತು ಪರವಾಗಿಲ್ಲ ಅನ್ನುವಂಥ ಆಫ್ ಸ್ಪಿನ್. ಮನೆ ಮೂರೇ ದಿನಕ್ಕೆ ಸಿಕ್ಕಿತು. ಮಾಲೀಕರು ಬಹಳ ಸಂಭಾವಿತರು, ಜಾತಿ ಕೇಳಲಿಲ್ಲ, "ಮನೇಲಿ ಏನೇನು ಬೇಯಿಸ್ತೀರಿ?" ಅಂತ ಮಾತ್ರ ಕೇಳಿದರು. ಹಾಲು, ಪೇಪರು, ನೀರಿನ ಕ್ಯಾನು ಎಲ್ಲ ಗೊತ್ತಾದವು. ಭಾನುವಾರ ಬೆಳಿಗ್ಗೆ ನಾಲ್ಕು ಓವರ್ ಹಾಕುವುದಕ್ಕೆ ಒಂದು ತಂಡ ಸಿಕ್ಕಿಬಿಟ್ಟರೆ ಊರು ನನ್ನದಾಯಿತು ಅಂದುಕೊಂಡೆ.

ಲೆಕ್ಕದ ಪ್ರಕಾರ ಇದು ಕಷ್ಟವಾಗಬಾರದಿತ್ತು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಹುಟ್ಟಿದ ಈ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 12,55,104. ಹನ್ನೊಂದರಿಂದ ಭಾಗಿಸಿ ನೋಡಿ: 1,14,100 ತಂಡಗಳು, ಶೇಷ ನಾಲ್ಕು. ಅಷ್ಟು ತಂಡಗಳಿರುವ ಕಡೆ ನನ್ನೊಬ್ಬನಿಗೆ ಜಾಗ ಇರುವುದಿಲ್ಲವೇ? ಆಗ ನನಗೆ ಗೊತ್ತಿರಲಿಲ್ಲ, ನಾನು ಸೇರಬೇಕಾದದ್ದು ಶೇಷದ ಜೊತೆಗೆ ಎಂದು.

ಮೊದಲು ಕಂಡದ್ದು ಫ್ಲೆಕ್ಸು. ಸರ್ಕಲ್ಲಿನಲ್ಲಿ, ಸಿಗ್ನಲ್ ದೀಪ ಮುಚ್ಚುವ ಹಾಗೆ ಕಟ್ಟಿದ್ದರು. ನಾಯಕರೊಬ್ಬರ ಹುಟ್ಟುಹಬ್ಬದ ಪ್ರಯುಕ್ತ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟು. ಆಳೆತ್ತರದ ನಾಯಕರು ಕೈ ಮುಗಿದು ನಿಂತಿದ್ದಾರೆ. ಪಕ್ಕದಲ್ಲಿ ಕೂಲಿಂಗ್ ಗ್ಲಾಸಿನ ಮಗ. ಕೆಳಗೆ ಎರಡು ಸಾಲು ಹಿತೈಷಿಗಳು, ಅದರ ಕೆಳಗೆ ಪಾಸ್‌ಪೋರ್ಟ್ ಸೈಜಿನಲ್ಲಿ ಶುಭ ಕೋರುವವರು. ಎಣಿಸಿದೆ, ಮೂವತ್ತೊಂದು ಮುಖ. ಅಷ್ಟರಲ್ಲಿ ಬ್ಯಾಟು ಹಿಡಿದವರು ಒಬ್ಬರೇ, ವಿರಾಟ್ ಕೊಹ್ಲಿ. ಅವರು ಯಾವ ವಾರ್ಡಿನವರೆಂದು ಬರೆದಿರಲಿಲ್ಲ.

ಕೆಳಗಿದ್ದ ನಂಬರಿಗೆ ಫೋನು ಮಾಡಿದೆ. ಟೀ ಅಂಗಡಿಗೆ ಬರಹೇಳಿದರು. ಬಂದ ತರುಣ ಬಹಳ ವಿನಯವಂತ.

"ಆಡ್ತೀರಾ ಸಾರ್? ಒಳ್ಳೇದಾಯ್ತು. ನೀವು ಯಾರ ಪೈಕಿ?"

"ನಾನು ಸ್ಪಿನ್ನರು."

"ಅದಲ್ಲ ಸಾರ್. ಯಾರ ಪೈಕಿ?"

"ಆಫ್ ಸ್ಪಿನ್ನರು."

ಅವನು ಟೀ ಲೋಟ ಕೆಳಗಿಟ್ಟು ನನ್ನನ್ನು ಅನುಕಂಪದಿಂದ ನೋಡಿದ. ಆಮೇಲೆ ವಿವರಿಸಿದ. ಈಗ ಎಲ್ಲ ಕುಲಬಾಂಧವರಿಗೂ ಅವರವರದೇ ಪ್ರೀಮಿಯರ್ ಲೀಗು ಇದೆಯಂತೆ, ಅಲ್ಲಿ ಆದರೆ ಪರಿಚಯ ಸಾಕು. ಇದು ಹಾಗಲ್ಲ, ಓಪನ್. ಓಪನ್ ಅಂದರೆ ಆಟಗಾರರ ಹರಾಜು. ಫೈನಲ್ಲಿಗೆ ಬೆಂಗಳೂರಿನಿಂದಲೋ ಮದನಪಲ್ಲಿ ಕಡೆಯಿಂದಲೋ ದುಡ್ಡು ಕೊಟ್ಟು ಇಬ್ಬರು ಮೂವರನ್ನು ಕರೆಸುತ್ತಾರೆ. ಹಾಗಾದರೆ ನಾನೂ ಹೊರಗಿನವನೇ ಅಲ್ಲವೇ ಅಂದೆ. "ನೀವು ಹೊರಗಿನವರು ಸಾರ್, ಅವರು ಗೆಸ್ಟ್ ಪ್ಲೇಯರ್ಸು" ಅಂದ. ಈ ವ್ಯತ್ಯಾಸ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹರಾಜಿನಲ್ಲಿ ನನ್ನ ಹೆಸರು ಕೂಗಿದಾಗ ಕಲ್ಯಾಣ ಮಂಟಪದಲ್ಲಿ ಫ್ಯಾನಿನ ಸದ್ದು ಸ್ಪಷ್ಟವಾಗಿ ಕೇಳಿಸಿತು. ಹಿಂದಿನ ಸಾಲಿನಿಂದ ಒಬ್ಬರು "ಸಾರ್ ಹತ್ರ ಕಾರಿದೆಯಾ?" ಅಂತ ವಿಚಾರಿಸಿದರು. ಇದೆ ಅಂದೆ. ಏಳು ಸೀಟಿನದಲ್ಲ ಅಂತ ಗೊತ್ತಾದ ಮೇಲೆ ಅವರೂ ಕೈ ಬಿಟ್ಟರು.

ಜಿಲ್ಲಾ ಕೇಂದ್ರವನ್ನು ಬಿಟ್ಟು ಶಿಡ್ಲಘಟ್ಟಕ್ಕೆ ಹೋದೆ. ಇಲ್ಲಿ ಒಂದು ಸತ್ಯ ಹೇಳಬೇಕು, ಅಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಬಂದ ದಿನವೇ ಚೆಂಡು ಕೊಟ್ಟರು. ಆದರೆ ಆ ತಂಡದ ವೇಳಾಪಟ್ಟಿ ಇರುವುದು ರೇಷ್ಮೆ ಹುಳದ ಕೈಯಲ್ಲಿ. ಅವರ ವೇಗದ ಬೌಲರ್ ಅದ್ಭುತ. ಉದ್ದ ಕೈ, ಸೊಪ್ಪು ಕೊಯ್ದು ಗಟ್ಟಿಯಾದ ಭುಜ. ಮೂರನೇ ಭಾನುವಾರ ಆತ ಕಾಣಲಿಲ್ಲ. "ನಾಲ್ಕನೇ ಜ್ವರ ಎದ್ದಿದೆ ಸಾರ್" ಅಂದರು. ಪಾಪ, ಆಸ್ಪತ್ರೆಗೆ ತೋರಿಸಿದಿರಾ ಅಂದೆ. ನಕ್ಕರು. ಜ್ವರ ಹುಳಕ್ಕೆ. ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಹುಳ ಮುಂದಿನ ಒಂದು ವಾರ ತಿನ್ನುವುದೇ ತಿನ್ನುವುದು. ಹುಟ್ಟಿದಾಗಿನಿಂದ ತಿನ್ನುವ ಒಟ್ಟು ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಈ ದಿನಗಳಲ್ಲೇ ಖಾಲಿ. ಆ ವಾರ ಹುಳದ ಮನೆ ಬಾಗಿಲಲ್ಲಿ ನಿಂತರೆ ಮಳೆ ಬಿದ್ದ ಹಾಗೆ ಸದ್ದು. ಅವನ ಬದಲು ವಿಕೆಟ್ ಕೀಪರ್ ಬೌಲ್ ಮಾಡಿದ. ಮರುವಾರ ಕೀಪರನೂ ಇಲ್ಲ, ಗೂಡು ಬಿಡಿಸುತ್ತಿದ್ದ. ಅದರಾಚೆ ವಾರ ಗೂಡಿನ ರೇಟು ಬಿದ್ದಿತ್ತು, ಮೈದಾನಕ್ಕೆ ಬಂದವರಲ್ಲಿ ಯಾರಿಗೂ ಆಡುವ ಮನಸ್ಸಿರಲಿಲ್ಲ. ಮಾರುಕಟ್ಟೆಯ ವಿಷಯ ಮಾತಾಡಿ ಎದ್ದರು. ಇವರ ಮೇಲೆ ನನಗೆ ದೂರಿಲ್ಲ. ಸರ್ಕಲ್ಲಿನ ಆ ಮೂವತ್ತೊಂದು ಮುಖಗಳಿಗೆ ಹುಳವೂ ಇಲ್ಲ, ಜ್ವರವೂ ಇಲ್ಲ. ಅವರು ಯಾಕೆ ಆಡುವುದಿಲ್ಲ?

ಚಿಂತಾಮಣಿಯಲ್ಲಿ ಆಟಕ್ಕಿಂತ ಭಾಷೆ ಮುಖ್ಯವಾಯಿತು. ಲಾಂಗ್ ಆನ್‌ನಲ್ಲಿ ನಿಂತಿದ್ದೆ, ಚೆಂಡು ಮೇಲೆ ಹೋಯಿತು. ಆರು ಕಡೆಯಿಂದ "ಪಟ್ಟುಕೋ, ಪಟ್ಟುಕೋ" ಅಂತ ಕೂಗು. ಪಟ್ಟು ಎಂಬ ಶಬ್ದವನ್ನು ಕುಸ್ತಿಯಲ್ಲಿ ಕೇಳಿದ್ದೆ. ಅದರ ಅರ್ಥ ಯೋಚಿಸುವಷ್ಟರಲ್ಲಿ ಚೆಂಡು ನೆಲ ಮುಟ್ಟಿತ್ತು. ಹಿಡಿ ಅಂದಿದ್ದರಂತೆ. ತೆಲುಗು, ಕನ್ನಡ ಎರಡರಲ್ಲೂ ಹಾಡಿದ ಕೈವಾರ ತಾತಯ್ಯನ ನಾಡಿನಲ್ಲಿ ಒಂದೇ ಭಾಷೆ ಕಲಿತು ಫೀಲ್ಡಿಂಗಿಗೆ ನಿಂತದ್ದು ನನ್ನದೇ ತಪ್ಪು. ಕ್ಯಾಪ್ಟನ್ ಮಾತ್ರ ಏನೂ ಅನ್ನಲಿಲ್ಲ. ಆತ ಟೊಮೆಟೊ ಬೆಳೆಗಾರ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದ್ದನ್ನೂ ಕಂಡವನು, ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದು ಬಂದವನು. ಒಂದು ಕ್ಯಾಚಿಗೆ ಬೇಜಾರು ಮಾಡಿಕೊಳ್ಳುವ ಆಸಾಮಿ ಅಲ್ಲ.

ಗೌರಿಬಿದನೂರಿನ ಕಥೆ ಸಣ್ಣದು. ಕಾರ್ಖಾನೆಗೆ ತಂಡವಿದೆ, ಅದರಲ್ಲಿ ಜಾಗ ಕಾಯಂ ನೌಕರರಿಗೆ. ಗುತ್ತಿಗೆಯವರು ಬೌಂಡರಿ ಆಚೆಯಿಂದ ಚೆಂಡು ಹೆಕ್ಕಿ ಕೊಡಬಹುದು. ಓದಲಿಕ್ಕೆಂದು ಇಲ್ಲಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದ ಹೊಸೂರಿನ ಎಚ್. ನರಸಿಂಹಯ್ಯನವರ ತಾಲ್ಲೂಕಿದು, ಜಾಗ ಇಲ್ಲವೆಂದರೆ ನಡೆಯುತ್ತಲೇ ಇರಬೇಕು ಅಂತ ಪಾಠ ಕಲಿತು ಬಸ್ಸು ಹತ್ತಿದೆ.

ಹಾಗಂತ ಜಿಲ್ಲೆಯಲ್ಲಿ ಕ್ರೀಡಾಪಟುಗಳು ಇಲ್ಲ ಅನ್ನಬೇಡಿ. ಭಾನುವಾರ ಬೆಳಕು ಹರಿಯುವ ಮೊದಲು ನಂದಿ ಬೆಟ್ಟದ ಬುಡಕ್ಕೆ ಹೋಗಿ. ಮೈಗೆ ಅಂಟಿದ ಬಟ್ಟೆ ತೊಟ್ಟು, ನಮ್ಮ ಕಡೆ ಎರಡು ಸೀಮೆ ಹಸುವಿನ ಬೆಲೆಯ ಸೈಕಲ್ಲುಗಳ ಮೇಲೆ, 1,478 ಮೀಟರ್ ಎತ್ತರದ ಬೆಟ್ಟವನ್ನು ಏದುಸಿರು ಬಿಡುತ್ತ ಏರುವವರ ಸಾಲು ಕಾಣುತ್ತದೆ. ಎಲ್ಲರೂ ಬೆಂಗಳೂರಿನವರು. ನಮ್ಮ ಹುಡುಗರು ಅದೇ ಹೊತ್ತಿಗೆ ಬೆಂಗಳೂರಿನ ಬಸ್ಸು ಹಿಡಿದಿರುತ್ತಾರೆ, ಸೆಕ್ಯುರಿಟಿ ಡ್ಯೂಟಿಗೋ ಡೆಲಿವರಿಗೋ. ಅಲ್ಲಿ ಅವರು ಹತ್ತುವ ಮಹಡಿಗಳ ಎತ್ತರವನ್ನು ಯಾವ ಕೈಗಡಿಯಾರವೂ ಲೆಕ್ಕ ಇಡುವುದಿಲ್ಲ.

ಹೆಣ್ಣುಮಕ್ಕಳ ಮಾತು ಬೇರೆ. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಖೋ ಖೋ ಆಡಿ ತಾಲ್ಲೂಕಿಗೆ ಹೋಗಿದ್ದವಳು. ಹೆಂಗಸರಿಗೆ ತಂಡ ಇದೆಯೇ ಎಂದು ಪಕ್ಕದ ಮನೆಯಲ್ಲಿ ವಿಚಾರಿಸಿದಳು. "ಇದೆಯಲ್ಲಾ, ರಾಜ್ಯೋತ್ಸವಕ್ಕೆ ರಂಗೋಲಿ ಸ್ಪರ್ಧೆ" ಅಂದರಂತೆ.

ಇನ್ನು ಮೈದಾನ. ನನ್ನನ್ನು ಬಿಟ್ಟು ಮಿಕ್ಕ ಲೋಕವೆಲ್ಲ ಈ ಜಿಲ್ಲೆಗೆ ಬಂದು ಆಡಿ ಹೋಗಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯಲ್ಲಿ, ಸತ್ಯಸಾಯಿ ಗ್ರಾಮದ ಹಸಿರು ಕ್ರೀಡಾಂಗಣದಲ್ಲಿ, 2024ರ ಜನವರಿ 18ರಂದು ಸಚಿನ್ ತೆಂಡೂಲ್ಕರ್ ಒಂದು ಕಡೆ, ಯುವರಾಜ್ ಸಿಂಗ್ ಇನ್ನೊಂದು ಕಡೆ. ಮುರಳೀಧರನ್ ಬಂದಿದ್ದರು. ಕೊನೆಯ ಓವರಿನಲ್ಲಿ ಅಣ್ಣ ಯೂಸುಫ್ ಪಠಾಣ್ ಹಾಕಿದ ಚೆಂಡನ್ನು ತಮ್ಮ ಇರ್ಫಾನ್ ಸಿಕ್ಸರಿಗೆ ಎತ್ತಿ ಸಚಿನ್ ತಂಡವನ್ನು ಗೆಲ್ಲಿಸಿದ. ತಂಡಗಳ ಹೆಸರು ಏನು ಗೊತ್ತೇ? ಒಂದು 'ವನ್ ವರ್ಲ್ಡ್', ಇನ್ನೊಂದು 'ವನ್ ಫ್ಯಾಮಿಲಿ'. ಜಗತ್ತೆಲ್ಲ ಒಂದು, ಮನುಕುಲವೆಲ್ಲ ಒಂದೇ ಕುಟುಂಬ. ಅಲ್ಲಿಂದ ಕೂಗಳತೆಯ ದೂರದ ಊರಿನಲ್ಲಿ ನಾನು ಯಾರ ಪೈಕಿ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆ.

ರಾಜ್ಯದ ಲೆಕ್ಕದಲ್ಲೂ ನಮ್ಮ ಗತಿ ಇದೇ. 2022ರಲ್ಲಿ ಮಹಾರಾಜ ಟ್ರೋಫಿ ಶುರುವಾದಾಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗ ಎಂದು ಆರು ತಂಡ ಕಟ್ಟಿದರು. ನಾವು ಯಾರಿಗೆ ಚಪ್ಪಾಳೆ ಹೊಡೆಯಬೇಕು? ಹರಾಜಿನಲ್ಲಿ ಇಡೀ ಜಿಲ್ಲೆಯೇ ಉಳಿದುಹೋಗಿದೆ. ಆ ಸಂಕಟ ನನಗೆ ಗೊತ್ತು, ಫ್ಯಾನಿನ ಸದ್ದು ಕೇಳಿಸಿಕೊಂಡವನು ನಾನು.

ಸರಿ, ಈಗ ವಿಷಯಕ್ಕೆ ಬರುತ್ತೇನೆ. ನಾವೇ ಒಂದು ತಂಡ ಕಟ್ಟಿದ್ದೇವೆ. ಕಲಬುರಗಿ ಕಡೆಯ ಮೇಷ್ಟ್ರೊಬ್ಬರು, ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನೀಶಿಯನ್, ಸಂಜೆ ಪಾನಿಪುರಿ ಮಾರುವ ಬಿಹಾರದ ಹುಡುಗ, ಬೌಂಡರಿ ಆಚೆ ಚೆಂಡು ಹೆಕ್ಕುತ್ತಿದ್ದ ಗೌರಿಬಿದನೂರಿನ ಗುತ್ತಿಗೆಯವನು, ಚಿಂತಾಮಣಿಯ ಟೊಮೆಟೊ ಕ್ಯಾಪ್ಟನ್, ಹುಳ ಹಣ್ಣಾದ ಮೇಲೆ ಬರುವ ಶಿಡ್ಲಘಟ್ಟದ ಬೌಲರ್, ನಾನು. ಒಟ್ಟು ಏಳು ಜನ. ಫ್ಲೆಕ್ಸ್ ಹಾಕಿಸಿಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ಕಾಲೇಜು ಮೈದಾನದ ಹುಣಸೆ ಮರದ ಕಡೆ ಇರುತ್ತೇವೆ, ಎಂಟಕ್ಕೆ ಡ್ರೈವಿಂಗ್ ಸ್ಕೂಲಿನ ಕಾರು ಪಿಚ್ಚಿಗೆ ಬರುವವರೆಗೆ. ಜನಗಣತಿಯಲ್ಲಿ ಶೇಷ ಉಳಿದ ಆ ನಾಲ್ವರು ಇದನ್ನು ಓದುತ್ತಿದ್ದರೆ ದಯವಿಟ್ಟು ಬನ್ನಿ. ಹುಳ ಸಾಕುವವರಾದರೆ ಯಾವ ಜ್ವರದಲ್ಲಿದೆ ಅಂತ ಶನಿವಾರವೇ ಒಂದು ಮಾತು ತಿಳಿಸಿಬಿಡಿ.