ಕೈ ಹಚ್ಚಬ್ಯಾಡ, ನೋಡಿ ಕಲಿ!

ಊರಿಗೊಬ್ಬ ಪೈಲ್ವಾನ, ಓಣಿಗೊಬ್ಬ ಮಾರ್ಗದರ್ಶಕ. ಪೈಲ್ವಾನರು ಈಚೆಗೆ ಕಡಿಮೆಯಾಗಿದ್ದಾರೆ. ಮಾರ್ಗದರ್ಶಕರಿಗೆ ಮಾತ್ರ ಬರ ಬಂದಿಲ್ಲ. ಕಲಬುರಗಿಯ ರೋಜಾದಲ್ಲಿ, ಖಾಜಾ ಬಂದೇ ನವಾಜರ ದರ್ಗಾದ ಕಡೆಯ ಓಣಿಯಲ್ಲಿರುವ ಇಂಥ ಒಬ್ಬರನ್ನು ಸಣ್ಣವರು, ದೊಡ್ಡವರು ಎಲ್ಲರೂ ಕರೆಯುವುದು ಕಾಕಾ ಎಂದೇ. ನೌಕರಿಯಿಂದ ನಿವೃತ್ತರಾದ ಮೇಲೆ ಹುಕುಂ ಮಾಡಲು ಕೈಕೆಳಗೆ ಸಿಬ್ಬಂದಿ ಉಳಿದಿಲ್ಲ. ದೇವರು ದೊಡ್ಡವನು, ಓಣಿಯ ತುಂಬ ಮಕ್ಕಳನ್ನು ಕೊಟ್ಟಿದ್ದಾನೆ.

ಸ್ಕೂಟರ್ ಎಲ್ಲಿ ನಿಲ್ಲಿಸಬೇಕು, ಪಟಕ್ಕೆ ಸೂತ್ರ ಹೇಗೆ ಕಟ್ಟಬೇಕು ಎಂಬುದೆಲ್ಲ ಕಾಕಾನಿಗೆ ದಿನನಿತ್ಯದ ಕೆಲಸ. ಖರೇ ಸೀಜನ್ ಶುರುವಾಗುವುದು ಕಾರಹುಣ್ಣಿಮೆ ಮುಗಿದ ಮೇಲೆ. ಹುಣ್ಣಿಮೆಗೆ ಜೀವಂತ ಎತ್ತುಗಳಿಗೆ ಬಣ್ಣ ಬಳಿದು ಕರಿ ಹರಿದಾಯಿತು. ಅಲ್ಲಿಂದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಹೊಲ ಇಲ್ಲದವರ, ಕೊಟ್ಟಿಗೆ ಇಲ್ಲದವರ, ಮೂರನೇ ಮಹಡಿಯಲ್ಲಿ ಬಾಡಿಗೆ ಇರುವವರ ಮನೆಗೂ ಅಂದು ಜೋಡೆತ್ತು ಬರಬೇಕು.

“ಪ್ಯಾಟ್ಯಾಗಿನ ರೆಡಿಮೇಡ್ ಎತ್ತು ಯಾರೂ ತರಬ್ಯಾಡ್ರಿ. ಮಕ್ಕಳ ಕೈಲೆ ಮಾಡಸ್ಬೇಕು” ಎಂದು ಕಾಕಾ ಓಣಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಧ್ವನಿ ಸಂದೇಶ ಬಿಡುತ್ತಾರೆ. ಮುಂದಿನ ಸಂದೇಶ ಮಣ್ಣಿನ ಕುರಿತು. ಅವರಿಗೆ ಕಂಡಕಂಡ ಮಣ್ಣು ನಡೆಯುವುದಿಲ್ಲ. ಕಮಲಾಪುರದ ಬೀಗರಿಗೆ ಫೋನ್ ಹೋಗುತ್ತದೆ. ಬೀಗರು ಪಾಪದವರು, ಬಸ್ಸಿನಲ್ಲಿ ಒಂದು ಚೀಲ ಮಣ್ಣು, ಜೊತೆಗೆ ಅಲ್ಲಿನ ಹೆಸರಾಂತ ಕೆಂಪು ಬಾಳೆಯ ಒಂದು ಗೊನೆ ಕಳಿಸುತ್ತಾರೆ. ಮಕ್ಕಳು ಮೊದಲ ದಿನ ಹಣ್ಣಿನ ಕೆಲಸ ಮುಗಿಸುತ್ತಾರೆ. ಕಾಕಾ ಮಣ್ಣನ್ನು ಚಿಟಿಕೆ ಹಿಡಿದು ಬೆರಳಲ್ಲಿ ತಿಕ್ಕಿ, “ಇದರಾಗ ಕಸುವಿಲ್ಲ” ಎಂದು ತೀರ್ಪು ಕೊಟ್ಟು, ಕೊನೆಗೆ ಕೆರೆಯ ಕಡೆಯ ಎರೆಮಣ್ಣನ್ನೇ ತರಿಸುತ್ತಾರೆ.

ಎರೆಮಣ್ಣಿನ ವಿಷಯದಲ್ಲಿ ಕಾಕಾನ ಜ್ಞಾನವನ್ನು ಅಲ್ಲಗಳೆಯುವ ಹಾಗಿಲ್ಲ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಹಾಗಾಗಿ ಹರಳು ಆರಿಸಿ, ಚೂರು ಹತ್ತಿ ಅಥವಾ ಸಣ್ಣಗೆ ಕತ್ತರಿಸಿದ ಹುಲ್ಲು ಕಲಸಿ ಚೆನ್ನಾಗಿ ನಾದಬೇಕು. ಕಾಲಿನೊಳಗೆ ಜೋಳದ ದಂಟಿನ ಸಿಬುರು ಸಿಗಿಸಬೇಕು. ಕೋಡು, ಡುಬ್ಬ ಕೂಡಿಸುವಲ್ಲಿ ಮಣ್ಣಿಗೆ ಗೀರು ಹಾಕಿ ನೀರು ಸವರಬೇಕು. ಬಿಸಿಲಿಗಿಡದೆ ನೆರಳಲ್ಲಿ ಆರಿಸಬೇಕು. ಎತ್ತಿನ ಮುಂದೆ ಮೇವಿಗೆ ಗ್ವಾದಲಿ ಬೇಕೇ ಬೇಕು. ಇಷ್ಟನ್ನು ಹೇಳಲು ಐದು ನಿಮಿಷ ಸಾಕು. ಕಾಕಾ ಹೇಳಿ ಮುಗಿಸುವ ಹೊತ್ತಿಗೆ ನಾದಿಟ್ಟ ಮಣ್ಣು ಅರ್ಧ ಒಣಗಿರುತ್ತದೆ.

ಆಮೇಲೆ ಪ್ರಾತ್ಯಕ್ಷಿಕೆ. ಕಾಕಾ ಮಣೆ ಹಾಕಿಕೊಂಡು ಕೂರುತ್ತಾರೆ, ಸುತ್ತ ಮಕ್ಕಳು. ಯಾವುದೋ ಪುಟ್ಟ ಕೈ ಮುದ್ದೆಯ ಕಡೆ ಸರಿದರೆ ಸಾಕು: “ಏ ತಮ್ಮಾ, ಕೈ ಹಚ್ಚಬ್ಯಾಡ, ನೋಡಿ ಕಲಿ!” ಒಬ್ಬನಿಗೆ ನೀರಿನ ಚೊಂಬು ಹಿಡಿಯುವ ಕೆಲಸ. ಇನ್ನೊಬ್ಬಳಿಗೆ ಒದ್ದೆ ಬಟ್ಟೆ ಹಿಂಡುವ ಕೆಲಸ. ಮೂರನೆಯವನಿಗೆ ಫೋಟೋ ತೆಗೆಯುವ ಕೆಲಸ. ಮಕ್ಕಳ ಕೈಯಿಂದ ಮಾಡಿಸುವ ಕಾರ್ಯಕ್ರಮದಲ್ಲಿ ಮಕ್ಕಳ ಕೈ ಒಂದು ಬಿಟ್ಟು ಉಳಿದದ್ದೆಲ್ಲ ಬಳಕೆಯಾಗುತ್ತದೆ. ದರ್ಗಾ ರಸ್ತೆಯ ಅಂಗಡಿಯಿಂದ ತಂದ ಜರಿ ಅಂಚು ಎತ್ತಿಗೆ ಝೂಲಾ ಆಗುತ್ತದೆ, ಬೇಗಡೆ ಕೋಡಿಗೇರುತ್ತದೆ. ಕಣ್ಣಿಗೆ ಗುಲಗಂಜಿ ಹಚ್ಚುವಷ್ಟರಲ್ಲಿ ಒಳಗಿನಿಂದ ಕಾಕಾನ ಹೆಂಡತಿ ಕಾಕು ಬರುತ್ತಾರೆ.

“ಆ ಕಾಳಿನಾಗ ವಿಷ ಇರ್ತದ, ಸಣ್ಣ ಕೂಸುಗಳು ಬಾಯಾಗ ಹಾಕ್ಕೊಂಡ್ರ? ತಗೋರಿ, ತೊಗರಿ ಕಾಳು ಹಚ್ರಿ.”

ತೊಗರಿಯ ಕಣಜ ಎನಿಸಿಕೊಂಡ ಜಿಲ್ಲೆಯಲ್ಲಿ ಎತ್ತಿನ ಕಣ್ಣಿಗೆ ಎರಡು ಕಾಳಿಗೆ ಬರವೇ? ಕಾಕಾ ಒಪ್ಪುತ್ತಾರೆ. ಒಪ್ಪಿದ್ದು ತಮ್ಮದೇ ಐಡಿಯಾ ಎಂದು ಸಂಜೆ ಗ್ರೂಪಿನಲ್ಲಿ ಹೇಳುತ್ತಾರೆ.

ಕಾಕಾನ ಮಾರ್ಗದರ್ಶನಕ್ಕೆ ದೇಶದ ಗಡಿಯೂ ಅಡ್ಡಿಯಲ್ಲ. ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಸಣ್ಣ ಮಕ್ಕಳು ಕಾಗದದ ಮೇಲೆ ಅಂಗೈ ಇಟ್ಟು ಗೆರೆ ಎಳೆದು, ಹೆಬ್ಬೆರಳನ್ನು ತಲೆ ಮಾಡಿ, ನಾಲ್ಕು ಬೆರಳಿಗೆ ಗರಿಯ ಬಣ್ಣ ಹಚ್ಚಿ ಟರ್ಕಿ ಕೋಳಿ ಬಿಡಿಸುತ್ತಾರೆ. ಮೊಮ್ಮಗಳು ವಿಡಿಯೊ ಕಾಲಿನಲ್ಲಿ ಹಾಗೊಂದು ಕೋಳಿ ತೋರಿಸಿದಳು. “ಚಂದ ಅದ. ಖರೆ, ಡುಬ್ಬ ಎಲ್ಲದ?” ಎಂದರು ಕಾಕಾ. ಕೋಳಿಗೆ ಡುಬ್ಬ ಇರುವುದಿಲ್ಲ ಎಂದು ಕೂಸು ಅಲ್ಲಿಂದಲೇ ತಿಳಿಹೇಳಬೇಕಾಯಿತು. ಅಂದಿನಿಂದ ಕಾಕಾನ ಭಾಷಣಕ್ಕೆ ಹೊಸ ಪ್ಯಾರಾ ಸೇರಿದೆ: “ಅವರು ಸುಗ್ಗಿ ಮುಗಿಸಿ, ಹೊಟ್ಟಿ ತುಂಬಿದ ಮ್ಯಾಲ ಉಪಕಾರ ನೆನೀತಾರ. ನಾವು ಬಿತ್ತೋ ಮೊದಲೇ ಎತ್ತಿಗಿ ಕೈ ಮುಗೀತೀವಿ. ಬೆಳಿ ಬಂದ ಮ್ಯಾಲ ಎಳ್ಳಮಾಸಿಗಿ ಹೊಲಕ್ಕ ಹೋಗಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಬರೋದು ಬ್ಯಾರೆ. ನಮ್ದು ಅಡ್ವಾನ್ಸೂ ಅದ, ಬ್ಯಾಲೆನ್ಸೂ ಅದ.” ಮಾತು ಚೊಕ್ಕವಾಗಿದೆ. ಕೇಳುವವರು ಮಾತ್ರ ಅಷ್ಟರಲ್ಲಿ ಎದ್ದು ಹೋಗಿರುತ್ತಾರೆ.

ಎಲ್ಲಿಗೆ? ಹಿತ್ತಲಿಗೆ. ಕಾಕಾ “ಕಸುವಿಲ್ಲ” ಎಂದು ಮೂಲೆಗೆ ತಳ್ಳಿದ ಕಮಲಾಪುರದ ಚೀಲ ಅಲ್ಲಿದೆ. ಕಾಕು ಅದಕ್ಕೆ ನೀರು ಹಾಕಿಕೊಟ್ಟು, ಬಾಯಿ ಮುಚ್ಚಿಕೊಂಡು ಸೊಪ್ಪು ಸೋಸುತ್ತ ಕೂತಿದ್ದಾರೆ. ಅವರ ಮಾರ್ಗದರ್ಶನ ಅಷ್ಟೇ. ಒಬ್ಬನ ಎತ್ತಿಗೆ ಮೂರು ಕಾಲು. ಒಬ್ಬಳ ಎತ್ತಿಗೆ ಕೋಡು ಬೆನ್ನ ಮೇಲೆ. ಪಕ್ಕದ ಮನೆಯ ಪುಟ್ಟಿಯದು ಆಡಿನ ಹಾಗೇ ಇದೆ. ಹುಡುಕಿಕೊಂಡು ಬಂದ ಕಾಕಾ ನೋಡಿ ಗಾಬರಿಯಾದರು.

“ಇದೇನಿದು, ಆಡು?”

“ಎತ್ತೇ ಅದ ಕಾಕಾ. ಇನ್ನಾ ಸಣ್ಣದು.”

ಪೂಜೆಗೆ ಜಗಲಿಯ ಮೇಲೆ ಕಾಕಾನ ಜೋಡೆತ್ತು ನಿಂತವು. ಫೋಟೋ ನಾಲ್ಕು ಗ್ರೂಪಿಗೆ ಹೋಯಿತು, ಕೆಳಗೆ “ಮಕ್ಕಳ ಕೈಚಳಕ” ಎಂಬ ಒಕ್ಕಣೆ. ಮರುದಿನ ಮಕ್ಕಳು ಮನೆ ಮನೆಗೆ ಎತ್ತು ಒಯ್ದು ಜೋಳ ಬೇಡುವ ಪದ್ಧತಿ. ಆ ಮೆರವಣಿಗೆಗೆ ಬೇಕಾದದ್ದು ಕುಂಟೆತ್ತು. ಕಾಕಾನ ಎತ್ತುಗಳಿಗೆ ನಾಲ್ಕು ಕಾಲೂ ಗಟ್ಟಿ. ದಂಟಿನ ಸಿಬುರು ಬೇರೆ ಹಾಕಿದ್ದಾರೆ. ಒಂದು ಕಾಲು ಮುರಿಯೋಣ ಎಂದು ಯಾರೋ ಹುಡುಗ ಸಲಹೆ ಕೊಟ್ಟಾಗ ಕಾಕಾ ಜಗಲಿಗೆ ಅಡ್ಡ ನಿಂತರು. ಅಗತ್ಯವೂ ಬೀಳಲಿಲ್ಲ. ಹಿತ್ತಲಿನ ಹಿಂಡಿನಲ್ಲಿ ಕುಂಟಿಗೆ ಕೊರತೆಯೇ? ಮೂರು ಕಾಲಿನದು ಅವಿರೋಧವಾಗಿ ಆಯ್ಕೆಯಾಯಿತು.

“ನಾನೂ ಬರ್ಲೇನು?” ಎಂದರು ಕಾಕಾ.

ಮಕ್ಕಳು ಮುಖ ಮುಖ ನೋಡಿಕೊಂಡು ಅವರ ಕೈಗೆ ಖಾಲಿ ಚೀಲ ಕೊಟ್ಟರು. ನೌಕರಿ ಬಿಟ್ಟ ಮೇಲೆ ಅವರಿಗೆ ಸಿಕ್ಕ ಮೊದಲ ಪೋಸ್ಟಿಂಗ್ ಅದು. ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡು, ಪ್ರತಿ ಬಾಗಿಲಲ್ಲೂ ಹೆಣ್ಣುಮಕ್ಕಳಿಗೆ ಹೇಳುತ್ತ ನಡೆದರು: “ಹಂಗಲ್ಲ ತಂಗಿ, ಮರ ಸ್ವಲ್ಪ ವಾರಿ ಮಾಡಿ ಹಿಡಿ. ಜೋಳ ತಾನ ಇಳೀತದ.”